ಏಟು ಬೀಳದೆ ಯುರೋಪಿಯನ್ ಯೂನಿಯನ್ ಬದಲಾಗುವುದೇ ಇಲ್ವಾ?

ಓದುಗ_ತುಮಕೂರು:
ಪರೀಕ್ಷೆಗೆ ಓದುತ್ತಿದ್ದೇನೆ. 2020ರಲ್ಲಿ ಕೊರೋನಾ, 2022ರಲ್ಲಿ ಉಕ್ರೇನ್ ಯುದ್ಧ, ಎರಡೂ ಸಲ ಹೊರಗಿನಿಂದ ಏಟು ಬಿದ್ದ ಮೇಲೆಯೇ ಇವರು ದೊಡ್ಡ ನಿರ್ಧಾರ ತೆಗೆದುಕೊಂಡರು. 27 ದೇಶ ಸೇರಿಕೊಂಡೂ ಬೆಂಕಿ ಬಿದ್ದಾಗ ಬಾವಿ ತೋಡುವುದಾ?

ಹಳೇ_ಮೇಷ್ಟ್ರು:
ಏಟು ಬಿದ್ದರಷ್ಟೇ ಸಾಲದು, ಅದು ಯಾರ ಮನೆಗೆ ಬಿತ್ತು ಅನ್ನೋದನ್ನು ನೋಡಿ. ಯುಗೋಸ್ಲಾವಿಯಾ ಯುದ್ಧಗಳ ಪಾಠದಿಂದ, ನಿರಾಶ್ರಿತರಿಗೆ ಗುಂಪಾಗಿ ತಾತ್ಕಾಲಿಕ ರಕ್ಷಣೆ ಕೊಡುವ ಕಾನೂನನ್ನು 2001ರಲ್ಲೇ ಮಾಡಿಟ್ಟಿದ್ದರು. ಅಂದರೆ ಬಾವಿ ಇತ್ತು. 2015ರಲ್ಲಿ ಸಮುದ್ರ ದಾಟಿ 10 ಲಕ್ಷಕ್ಕಿಂತ ಜಾಸ್ತಿ ಜನ ಬಂದರು, ಆದರೂ ಆ ಕಾನೂನನ್ನು ಯಾರೂ ಬಳಸಲಿಲ್ಲ. ಭಾರವೆಲ್ಲ ಗ್ರೀಸ್, ಇಟಲಿ ಮೇಲೆ ಬಿತ್ತು, ಪೋಲೆಂಡ್ ಮತ್ತು ಹಂಗೇರಿ ತಮ್ಮ ಪಾಲಿಗೆ ಹಂಚಿದ ನಿರಾಶ್ರಿತರನ್ನು ತೆಗೆದುಕೊಳ್ಳಲೇ ಇಲ್ಲ. 2022ರಲ್ಲಿ ಯುದ್ಧ ಶುರುವಾಗಿ 8 ದಿನಕ್ಕೆ, ಮಾರ್ಚ್ 4ರಂದು, ಅದೇ ಕಾನೂನು ಜಾರಿಗೆ ಬಂತು. ಈ ಸಲ ಗಡಿ ಪೋಲೆಂಡಿನದೇ ಆಗಿತ್ತು. 2015ರಲ್ಲಿ ಬಂದ ಸಿರಿಯಾದವರನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಲೆಕ್ಕ_ಪಕ್ಕಾ:
ದುಡ್ಡಿನ ವಿಷಯದಲ್ಲೂ ಹಾಗೇ. ಎಲ್ಲರೂ ಸೇರಿ ಸಾಲ ಎತ್ತೋಣ ಅಂದರೆ ಜರ್ಮನಿ ವರ್ಷಗಟ್ಟಲೆ ಬೇಡವೇ ಬೇಡ ಎಂದಿತ್ತು. 2020ರ ಮೇನಲ್ಲಿ ಆಗಿನ ಜರ್ಮನ್ ಚಾನ್ಸಲರ್ ಮರ್ಕೆಲ್ ಮನಸ್ಸು ಬದಲಿಸಿದರು. ಇಟಲಿ, ಸ್ಪೇನ್ ಕುಸಿದರೆ ಜರ್ಮನ್ ಕಾರ್ಖಾನೆಗಳ ಸರಕು ಕೊಳ್ಳುವವರು ಯಾರು, ಅಲ್ವಾ? ಜುಲೈನಲ್ಲಿ ಬ್ರಸೆಲ್ಸ್‌ನಲ್ಲಿ ನಾಲ್ಕು ದಿನ ಜಗ್ಗಾಡಿ 75,000 ಕೋಟಿ ಯೂರೋಗೆ ಒಪ್ಪಿದರು. ಅದರಲ್ಲಿ 39,000 ಕೋಟಿ ಸಾಲವಲ್ಲ, ದೇಶಗಳು ವಾಪಸ್ ಕೊಡಬೇಕಿಲ್ಲದ ನೆರವು.

ಜರ್ಮನಿಯಿಂದ_ಕನ್ನಡತಿ:
ನಾನು ಇಲ್ಲೇ ಇದ್ದೆ. 2022ರ ಚಳಿಗಾಲದಲ್ಲಿ, ರಷ್ಯಾದ ಗ್ಯಾಸ್ ನಿಂತಿದ್ದರಿಂದ, ಸರ್ಕಾರಿ ಕಚೇರಿಗಳಲ್ಲಿ ಹೀಟರ್ 19 ಡಿಗ್ರಿ ದಾಟುವ ಹಾಗಿರಲಿಲ್ಲ. ಕೈ ತೊಳೆಯೋಕೆ ಬಿಸಿನೀರೂ ಬಂದ್. ವೀಸಾ ಕೆಲಸಕ್ಕೆ ಹೋದಾಗ ಕೌಂಟರ್‌ನಲ್ಲಿದ್ದಾಕೆ ಸ್ಕಾರ್ಫ್ ಸುತ್ತಿಕೊಂಡೇ ನನ್ನ ಕಾಗದ ನೋಡಿದರು. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ರಷ್ಯಾ 2014ರಲ್ಲೇ ಉಕ್ರೇನಿನ ಕ್ರಿಮಿಯಾ ನುಂಗಿತ್ತು. ಆಗ ಇಲ್ಲಿನ ಮನೆಗಳು ತಣ್ಣಗಾಗಲಿಲ್ಲ. ಅದಾದ ಮೇಲೂ ರಷ್ಯಾದಿಂದ ನಾರ್ಡ್ ಸ್ಟ್ರೀಮ್ 2 ಅನ್ನೋ ಇನ್ನೊಂದು ಗ್ಯಾಸ್ ಪೈಪ್ ಹಾಕಿದರು! 2022ರಲ್ಲಿ ಗ್ಯಾಸ್ ನಿಂತಾಗ ಮಾತ್ರ, ಹಡಗಿನಲ್ಲಿ ಬರುವ ಗ್ಯಾಸ್ ಇಳಿಸಿಕೊಳ್ಳಲು ಇಲ್ಲಿನ ವಿಲ್ಹೆಲ್ಮ್ಸ್‌ಹಾಫನ್ ಬಂದರಿನಲ್ಲಿ ಡಿಸೆಂಬರ್ ಹೊತ್ತಿಗೇ ಟರ್ಮಿನಲ್ ರೆಡಿ ಆಯಿತು.

ಓದುಗ_ತುಮಕೂರು:
2015 ಮತ್ತು 2014, ಎರಡೂ ನನ್ನ ನೋಟ್ಸ್‌ನಲ್ಲೇ ಇರಲಿಲ್ಲ. ಬದಲಾವಣೆ ಆದ ವರ್ಷಗಳನ್ನಷ್ಟೇ ಬರೆದುಕೊಂಡಿದ್ದೆ. ಇವತ್ತು ರಾತ್ರಿ ಕೂತು, ಏಟು ಬಿದ್ದೂ ಏನೂ ಆಗದ ವರ್ಷಗಳನ್ನು ಪಕ್ಕದಲ್ಲಿ ಬರೆಯುತ್ತೇನೆ.