ಕಾಂಡೋಮ್ ಬಲೂನಿನಿಂದ ಬಾಣಂತಿಯ ರಕ್ತಸ್ರಾವ ನಿಲ್ಲುತ್ತದೆಯೇ? ತಿಳಿದವರು ಹೇಳಿ

ಗದಗ_ನರ್ಸಿಂಗ್:
ಎಲ್ಲರಿಗೂ ನಮಸ್ಕಾರ. ನಾನು ಬಿ.ಎಸ್ಸಿ. ನರ್ಸಿಂಗ್ ಮೂರನೇ ವರ್ಷದಲ್ಲಿದ್ದೇನೆ. ತಾವೇ ಸಾಧನ ಕಂಡುಹಿಡಿದ ಹೆರಿಗೆ ಡಾಕ್ಟರುಗಳ ಬಗ್ಗೆ ಸೆಮಿನಾರ್ ಕೊಡಬೇಕು. ಕಾಂಡೋಮ್ ಬಲೂನ್ ಮಾಡಿದ ಬಾಂಗ್ಲಾದೇಶದ ಡಾ. ಸಾಯೆಬಾ ಅಖ್ತರ್ ಅವರನ್ನು ಆರಿಸಿಕೊಂಡಿದ್ದೇನೆ. ಕಾಂಡೋಮ್ ಅಂದ ಕೂಡಲೇ ಕ್ಲಾಸಿನಲ್ಲಿ ಎಲ್ಲರೂ ನಗುತ್ತಾರೆ. ನನಗೆ ನಗು ಬರಲಿಲ್ಲ. ನಮ್ಮ ಚಿಕ್ಕಮ್ಮ ಹೆರಿಗೆಯಾದ ರಾತ್ರಿ ರಕ್ತ ಹೋಗಿಯೇ ತೀರಿಕೊಂಡರು. ಇದು ನಿಜವಾಗಿ ಹೇಗೆ ಕೆಲಸ ಮಾಡುತ್ತದೆ? ಲೇಬರ್ ರೂಮಿನಲ್ಲಿ ಕೆಲಸ ಮಾಡಿದವರು ಯಾರಾದರೂ ಇದ್ದರೆ ದಯವಿಟ್ಟು ಬರೆಯಿರಿ. ನಮ್ಮ ಕಡೆಯವರು ಮಾಡಿದ್ದು ಏನಾದರೂ ಇದ್ದರೆ ಅದನ್ನೂ ಸೇರಿಸಬೇಕು ಅಂತಿದ್ದೇನೆ.

ನಿವೃತ್ತ_ಸಿಸ್ಟರ್_ಬೆಳಗಾವಿ:
ತಂಗಿ, ಒಳ್ಳೆಯ ವಿಷಯ ಆರಿಸಿದ್ದೀಯಾ. ನಾನು ಕೆಲಸ ಶುರು ಮಾಡಿದ್ದೇ ಲೇಬರ್ ರೂಮಿನಲ್ಲಿ, ನಿವೃತ್ತಿ ಆಗಿದ್ದೂ ಅಲ್ಲೇ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ರಕ್ತ ಯಾಕೆ ನಿಲ್ಲುವುದಿಲ್ಲ ಅಂತ ಹೇಳು, ಆಗ ಯಾರೂ ನಗುವುದಿಲ್ಲ. ದಿನ ತುಂಬಿದ ಗರ್ಭಕೋಶಕ್ಕೆ ನಿಮಿಷಕ್ಕೆ 500 ಮಿಲಿಗಿಂತ ಜಾಸ್ತಿ ರಕ್ತ ಹರಿಯುತ್ತಿರುತ್ತದೆ. ಕಸ (ಮಾಸು) ಬಿದ್ದ ಮೇಲೆ ಗರ್ಭಕೋಶ ಗಟ್ಟಿಯಾಗಿ ಮುದುಡಿಕೊಳ್ಳಬೇಕು. ರಕ್ತನಾಳಗಳು ಸ್ನಾಯುವಿನ ಎಳೆಗಳ ನಡುವೆ ಹಾದು ಹೋಗುವುದರಿಂದ, ಸ್ನಾಯು ಬಿಗಿದರೆ ನಾಳವೂ ಮುಚ್ಚುತ್ತದೆ. ಕೆಲವರಿಗೆ ಅದು ಬಿಗಿಯುವುದೇ ಇಲ್ಲ. ಹೊಟ್ಟೆಯ ಮೇಲೆ ಕೈ ಇಟ್ಟರೆ ನಾದಿದ ಹಿಟ್ಟಿನ ಹಾಗೆ ಮೆತ್ತಗೆ ಸಿಗುತ್ತದೆ. ಆ ಮೆತ್ತಗಿನ ಗರ್ಭಕೋಶ ಕೈಗೆ ಸಿಕ್ಕಿದಾಗ ಸಿಸ್ಟರ್‌ಗಳಿಗೆ ಹೊಟ್ಟೆಯಲ್ಲಿ ತಳಮಳ ಶುರುವಾಗುತ್ತದೆ.

ಮಸಾಜು, ಗರ್ಭಕೋಶ ಬಿಗಿಯುವಂತೆ ಮಾಡುವ ಆಕ್ಸಿಟೋಸಿನ್, ಬೇರೆ ಇಂಜೆಕ್ಷನ್, ಯಾವುದಕ್ಕೂ ಬಗ್ಗದಿದ್ದರೆ ಉಳಿಯುವುದು ಆಪರೇಷನ್. ಎಷ್ಟೋ ಸಲ ಗರ್ಭಕೋಶವನ್ನೇ ತೆಗೆಯಬೇಕಾಗುತ್ತದೆ. ಒಳಗಿನಿಂದ ಒತ್ತಿ ಹಿಡಿಯುವ ಬಲೂನುಗಳು ಹೊರದೇಶದಲ್ಲಿ ಇದ್ದವು, ಆದರೆ ಒಂದಕ್ಕೆ ನೂರಾರು ಡಾಲರ್. ಢಾಕಾ ಮೆಡಿಕಲ್ ಕಾಲೇಜು ಆಸ್ಪತ್ರೆಗೆ ಬರುವ ಬಡ ಹೆಣ್ಣುಮಕ್ಕಳಿಗೆ ಅದೆಲ್ಲಿ ಸಿಗಬೇಕು? ಸಾಯೆಬಾ ಮೇಡಂ ವಾರ್ಡಿನಲ್ಲೇ ಸಿಗುವ ಸಾಮಾನು ತೆಗೆದುಕೊಂಡರು: ಒಂದು ರಬ್ಬರ್ ಕ್ಯಾತಿಟರ್ (ಮೂತ್ರ ತೆಗೆಯುವ ಕೊಳವೆ), ಒಂದು ಕಾಂಡೋಮ್, ರೇಷ್ಮೆ ದಾರ, ಸಲೈನ್ ಸೆಟ್.

ಮಾಡುವುದು ಹೀಗೆ. ಕ್ಯಾತಿಟರ್ ತುದಿಗೆ ಕಾಂಡೋಮ್ ಏರಿಸಿ ಬುಡದಲ್ಲಿ ದಾರ ಕಟ್ಟುತ್ತಾರೆ. ಈ ಗಂಟೇ ಮುಖ್ಯ. ಸಡಿಲಾದರೆ ಸಲೈನ್ ಪೂರ್ತಿ ಹೊರಗೆ ಸೋರುತ್ತದೆ, ಜಾಸ್ತಿ ಬಿಗಿದರೆ ಕ್ಯಾತಿಟರ್ ಮುಚ್ಚಿಕೊಂಡು ಸಲೈನ್ ಒಳಗೇ ಇಳಿಯುವುದಿಲ್ಲ. ಅದಕ್ಕೇ ಒಳಗೆ ಹಾಕುವ ಮೊದಲು ಸ್ವಲ್ಪ ಸಲೈನ್ ಬಿಟ್ಟು ನೋಡಿಕೊಳ್ಳಬೇಕು. ಆಮೇಲೆ ಗರ್ಭಕೋಶದೊಳಗೆ ಇಟ್ಟು 250ರಿಂದ 500 ಮಿಲಿ ಸಲೈನ್ ತುಂಬುತ್ತಾರೆ. ಹೊರಗೆ ಬರುವ ರಕ್ತ ಕಡಿಮೆಯಾಯಿತು ಅಂದ ಕೂಡಲೇ ಸಲೈನ್ ನಿಲ್ಲಿಸಿ, ಹೊರಗಿನ ತುದಿ ಮಡಚಿ ಕಟ್ಟುತ್ತಾರೆ. ಬಲೂನ್ ಜಾರದಂತೆ ಕೆಳಗೆ ಗಾಜ್ ತುಂಬುತ್ತಾರೆ. ಆಕ್ಸಿಟೋಸಿನ್ ಡ್ರಿಪ್ ನಡೆಯುತ್ತಲೇ ಇರಬೇಕು. 24ರಿಂದ 48 ಗಂಟೆ ಬಿಟ್ಟು ನಿಧಾನವಾಗಿ ಸಲೈನ್ ಇಳಿಸಿ ತೆಗೆಯುತ್ತಾರೆ.

2003ರಲ್ಲಿ ಅವರ ತಂಡ 23 ಬಾಣಂತಿಯರ ವಿವರ ಪ್ರಕಟಿಸಿತು. ಎಲ್ಲರಿಗೂ 15 ನಿಮಿಷದೊಳಗೆ ರಕ್ತ ನಿಂತಿತ್ತು. 2020ರಲ್ಲಿ ಬಾಂಗ್ಲಾದೇಶ ಸರ್ಕಾರ ಅವರಿಗೆ ಏಕುಷೇ ಪದಕ ಕೊಟ್ಟಿತು. ಹೆರಿಗೆ ಕಷ್ಟವಾಗಿ ಫಿಸ್ಟುಲಾ (ಮೂತ್ರ ಸೋರುವಂಥ ರಂಧ್ರ) ಆದ ಹೆಣ್ಣುಮಕ್ಕಳಿಗೂ ಅವರು ತುಂಬಾ ಕೆಲಸ ಮಾಡಿದ್ದಾರೆ, ಅದನ್ನು ಬಿಡಬೇಡ.

ಪಿಜಿ_ಹುಬ್ಬಳ್ಳಿ:
ಸಿಸ್ಟರ್ ಚೆನ್ನಾಗಿ ಬರೆದಿದ್ದಾರೆ. ಸೆಮಿನಾರಿಗೆ ಇನ್ನೊಂದು ವಿಷಯ ಸೇರಿಸಿಕೊಳ್ಳಿ, ಯಾರಾದರೂ ಕೇಳಿಯೇ ಕೇಳುತ್ತಾರೆ. ಉಗಾಂಡಾ, ಈಜಿಪ್ಟ್, ಸೆನೆಗಲ್‌ನ 18 ಆಸ್ಪತ್ರೆಗಳಲ್ಲಿ ಕಾಂಡೋಮ್ ಬಲೂನ್ ಜಾರಿಗೆ ತಂದು ನೋಡಿದ ಅಧ್ಯಯನ 2019ರಲ್ಲಿ ಬಂತು. ಅಲ್ಲಿ ಆಪರೇಷನ್ ಮತ್ತು ಸಾವು ಕಡಿಮೆಯಾಗಲಿಲ್ಲ, ಬಲೂನ್ ಬಂದ ಮೇಲೆ ಹೆಚ್ಚೇ ಕಂಡವು. ಹಾಗಂತ ಬಲೂನ್ ಕೆಟ್ಟದ್ದು ಅಂತ ಅಲ್ಲ. ಬಲೂನ್ ಹಾಕಿದ್ದೇವಲ್ಲ ಅಂತ ಮುಂದಿನ ಹೆಜ್ಜೆ ತಡ ಮಾಡಿದರೆ ಅಪಾಯ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದೂ ಇದನ್ನೇ: ಬೇಕಾದ ತಕ್ಷಣ ಆಪರೇಷನ್ ಮತ್ತು ರಕ್ತ ಸಿಗುವ ಕಡೆ, ಔಷಧಿಗೆ ಬಗ್ಗದಿದ್ದಾಗ ಬಳಸಿ. ಸಣ್ಣ ಆಸ್ಪತ್ರೆಯಲ್ಲಿದ್ದರೆ ಬಲೂನ್ ತಯಾರು ಮಾಡುವಾಗಲೇ 108ಕ್ಕೆ ಫೋನ್ ಹೋಗಿರಬೇಕು.

ಗದಗ_ನರ್ಸಿಂಗ್:
ಇಬ್ಬರಿಗೂ ತುಂಬಾ ಧನ್ಯವಾದ. ಸಿಸ್ಟರ್ ಅಕ್ಕಾ, ನಮ್ಮ ಕಡೆಯವರು ಮಾಡಿದ್ದು ಏನಾದರೂ ಇದೆಯಾ?

ನಿವೃತ್ತ_ಸಿಸ್ಟರ್_ಬೆಳಗಾವಿ:
ಇದೆ ತಂಗಿ, ನಮ್ಮ ಬೆಳಗಾವಿಯಲ್ಲೇ. ಡಾಕ್ಟರ್ ಸರ್ ಹೇಳಿದ ತಡ ಆಗುವುದು ಬಹಳ ಸಲ ಮೊದಲ ಹೆಜ್ಜೆಯಲ್ಲೇ. ಎಷ್ಟು ರಕ್ತ ಹೋಗಿದೆ ಅಂತಲೇ ಗೊತ್ತಾಗುವುದಿಲ್ಲ. ಬಟ್ಟೆ ಹೀರಿಕೊಂಡಿರುತ್ತದೆ, ನೆಲಕ್ಕೆ ಹೋಗಿರುತ್ತದೆ, ಒಂದಿಷ್ಟು ಬಕೆಟ್ಟಿನಲ್ಲಿರುತ್ತದೆ. ನೋಡಿದವರು 'ಅಷ್ಟೇನಿಲ್ಲ' ಅಂದುಬಿಡುತ್ತಾರೆ. ನಿಮ್ಮ ಚಿಕ್ಕಮ್ಮನ ವಿಷಯ ಓದಿದಾಗ ಮೊದಲು ನೆನಪಾದದ್ದು ಇದೇ.

ಇಲ್ಲಿನ ಜವಾಹರಲಾಲ್ ನೆಹರು ಮೆಡಿಕಲ್ ಕಾಲೇಜಿನ ಡಾಕ್ಟರುಗಳು ಅಮೆರಿಕದವರ ಜೊತೆ ಸೇರಿ ಹಳ್ಳಿಗಳಲ್ಲಿ ರಕ್ತಸ್ರಾವ ತಡೆಯುವ ಮಿಸೊಪ್ರೊಸ್ಟಾಲ್ ಮಾತ್ರೆಯ ಅಧ್ಯಯನ ಮಾಡಿದರು. ಎಎನ್‌ಎಂಗಳು (ಹಳ್ಳಿಯ ಹೆರಿಗೆ ಸಿಸ್ಟರ್‌ಗಳು) 1620 ಹೆರಿಗೆಗಳಲ್ಲಿ ಭಾಗವಹಿಸಿದ ಆ ಅಧ್ಯಯನ 2006ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ರಕ್ತ ಅಳೆಯುವುದಕ್ಕೆ ಅದರಲ್ಲಿ ಬಳಸಿದ್ದು ಬ್ರಾಸ್-ವಿ ಡ್ರೇಪ್. ಮಗು ಹೊರಗೆ ಬಂದು ನೀರು ಹೋದ ಮೇಲೆ ಬಾಣಂತಿಯ ಕೆಳಗೆ ಹಾಸುವ ಪ್ಲಾಸ್ಟಿಕ್ ಹಾಳೆ ಅದು. ಸೊಂಟಕ್ಕೆ ಕಟ್ಟಲು ಪಟ್ಟಿ ಇದೆ. ಕೆಳಗೆ ಇಳಿಬಿದ್ದ ಚೀಲದ ಮೇಲೆ ಮಿಲಿಯ ಗೆರೆ ಹಾಕಿದ್ದಾರೆ. ರಕ್ತವೆಲ್ಲ ಅದರಲ್ಲೇ ಇಳಿಯುತ್ತದೆ, ಗೆರೆ ಓದಿದರಾಯಿತು. ಬೆಳಗಾವಿ ಜಿಲ್ಲಾ ಆಸ್ಪತ್ರೆಯಲ್ಲಿ ಹೋಲಿಸಿ ನೋಡಿದಾಗ, ಕಣ್ಣಂದಾಜು ಡ್ರೇಪ್ ಲೆಕ್ಕಕ್ಕಿಂತ ಶೇ. 33ರಷ್ಟು ಕಡಿಮೆ ಇತ್ತು.

ಅಂಥದ್ದೇ ಗೆರೆಯ ಡ್ರೇಪನ್ನು ಮುಂದೆ ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ಟಾಂಜಾನಿಯಾದ 80 ಆಸ್ಪತ್ರೆಗಳ ಇ-ಮೋಟಿವ್ ಅಧ್ಯಯನದಲ್ಲಿ ಬಳಸಿದರು. ಡ್ರೇಪಿನಲ್ಲಿ ಅಳೆದು, ಮಸಾಜು, ಔಷಧಿ, ಡ್ರಿಪ್, ಪರೀಕ್ಷೆ ಎಲ್ಲವನ್ನೂ ಒಂದರ ಹಿಂದೆ ಒಂದು ಕಾಯದೆ ಒಟ್ಟಿಗೇ ಶುರು ಮಾಡಿದರು. 2023ರಲ್ಲಿ ಫಲಿತಾಂಶ ಬಂತು: ತೀವ್ರ ರಕ್ತಸ್ರಾವ, ಅದಕ್ಕಾಗಿ ಆಪರೇಷನ್ ಅಥವಾ ಸಾವು, ಇವೆಲ್ಲ ಸೇರಿ ಶೇ. 60 ಕಡಿಮೆ. ಎಂದಿನಂತೆ ನೋಡಿಕೊಂಡ ಆಸ್ಪತ್ರೆಗಳಲ್ಲಿ ಪಿಪಿಎಚ್ (ಹೆರಿಗೆ ನಂತರದ ಅತಿ ರಕ್ತಸ್ರಾವ) ಆದವರಲ್ಲಿ ಅರ್ಧ ಜನರದ್ದು ಮಾತ್ರ ಪತ್ತೆಯಾಗುತ್ತಿತ್ತು, ಈ ಹೊಸ ಕ್ರಮ ತಂದ ಕಡೆ ಶೇ. 93. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆಯೂ ಡ್ರೇಪ್ ಬಳಸಿ ಅಂತ ಹೇಳಿತು.

ನನ್ನ ಕೇಳಿದರೆ ಬಲೂನಿಗಿಂತ ಡ್ರೇಪಿಗೇ ಜಾಸ್ತಿ ಸಮಯ ಕೊಡು. ಬಲೂನ್ ಡಾಕ್ಟರ್ ಕೈಗೆ ಬರುವ ಹೊತ್ತಿಗೆ ರಕ್ತ ಹೋಗಿಯಾಗಿರುತ್ತದೆ. ಡ್ರೇಪ್ ನಮ್ಮ ಕೈಯಲ್ಲಿರುವುದು, ಸಿಸ್ಟರ್‌ಗಳ ಕೈಯಲ್ಲಿ. ನಿಮ್ಮ ಸ್ಕಿಲ್ ಲ್ಯಾಬ್‌ನಲ್ಲಿ ಇದ್ದರೆ ಒಂದು ಕೇಳಿ ತೆಗೆದುಕೊಂಡು ಹೋಗು. ಬಣ್ಣದ ನೀರು 300 ಮಿಲಿ ಬಟ್ಟೆಯ ಮೇಲೆ ಸುರಿದು ಎಷ್ಟಿದೆ ಅಂತ ಕ್ಲಾಸಿಗೆ ಕೇಳು. ಆಮೇಲೆ ಅಷ್ಟೇ ನೀರನ್ನು ಡ್ರೇಪಿಗೆ ಹಾಕಿ ತೋರಿಸು.