ವಿಇಜಿಎಫ್-ಎ: ಜೀನ್ ಒಂದೇ ಇರುವಾಗ ಪ್ರೋಟೀನ್ ಹಲವು ಹೇಗೆ?

ಪ್ರಶ್ನೆ:
ರಕ್ತನಾಳಗಳು ಕವಲೊಡೆದು ಬೆಳೆಯುವಂತೆ ಮಾಡುವ ವಿಇಜಿಎಫ್-ಎ ಎಂಬ ಗ್ರೋತ್ ಫ್ಯಾಕ್ಟರ್‌ಗೆ ಮನುಷ್ಯರಲ್ಲಿರುವುದು ಒಂದೇ ಜೀನ್. ಆದರೂ ಪಠ್ಯದಲ್ಲಿ 121, 165, 189 ಎಂಬ ಸಂಖ್ಯೆಗಳ ಬೇರೆ ಬೇರೆ ರೂಪಗಳನ್ನು ಕೊಟ್ಟಿದ್ದಾರೆ. ಇವು ಸಿದ್ಧವಾದ ಪ್ರೋಟೀನನ್ನು ಆಮೇಲೆ ಕತ್ತರಿಸಿದ ತುಣುಕುಗಳೇ, ಅಥವಾ ಎಂಆರ್‌ಎನ್‌ಎ (ಜೀನ್‌ನಿಂದ ನಕಲಾಗಿ ಪ್ರೋಟೀನ್ ತಯಾರಿಕೆಗೆ ಸಂದೇಶ ಒಯ್ಯುವ ಆರ್‌ಎನ್‌ಎ) ಹಂತದಲ್ಲೇ ವ್ಯತ್ಯಾಸ ಉಂಟಾಗುತ್ತದೆಯೇ? ಇಷ್ಟು ರೂಪಗಳ ಅಗತ್ಯವಾದರೂ ಏನು?

ಉತ್ತರ 1:
ಈ ಮೂರೂ ರೂಪಗಳು ಎಂಆರ್‌ಎನ್‌ಎ ಹಂತದಲ್ಲೇ ನಿರ್ಧಾರವಾಗುತ್ತವೆ. ಈ ಜೀನ್‌ನಲ್ಲಿ 8 ಎಕ್ಸಾನ್‌ಗಳಿವೆ, ಅಂದರೆ ಅಂತಿಮ ಎಂಆರ್‌ಎನ್‌ಎಯಲ್ಲಿ ಉಳಿಯಬಲ್ಲ ತುಂಡುಗಳು; ಅವುಗಳ ನಡುವಿನ ತುಂಡುಗಳೇ ಇಂಟ್ರಾನ್‌ಗಳು. ಮೊದಲು ನಕಲಾದ ಉದ್ದನೆಯ ಆರ್‌ಎನ್‌ಎಯಿಂದ ಇಂಟ್ರಾನ್‌ಗಳನ್ನು ತೆಗೆದು ಎಕ್ಸಾನ್‌ಗಳನ್ನು ಜೋಡಿಸುವ ಸ್ಪ್ಲೈಸಿಂಗ್ ಕ್ರಿಯೆಯಲ್ಲಿ, 6 ಮತ್ತು 7ನೇ ಎಕ್ಸಾನ್‌ಗಳಲ್ಲಿ ಯಾವುದು ಉಳಿಯಿತು, ಯಾವುದು ಬಿಟ್ಟುಹೋಯಿತು ಎಂಬುದೇ ಮುಖ್ಯ. ಎರಡೂ ಬಿಟ್ಟುಹೋದರೆ 121 ಅಮೈನೊ ಆಮ್ಲಗಳ ಪ್ರೋಟೀನ್ ಬರುತ್ತದೆ. 7ನೆಯದು ಸೇರಿದರೆ 44 ಹೆಚ್ಚಾಗಿ 165, ಅದರ ಜೊತೆಗೆ 6ರ ಮೊದಲ ಭಾಗವೂ ಸೇರಿದರೆ ಇನ್ನೂ 24 ಹೆಚ್ಚಾಗಿ 189. ನಿಮ್ಮ ಮೊದಲ ಊಹೆಯಲ್ಲೂ ಹುರುಳಿಲ್ಲದಿಲ್ಲ: ಜೀವಕೋಶದ ಹೊರಗೆ ಪ್ಲಾಸ್ಮಿನ್ ಕಿಣ್ವವು ಉದ್ದನೆಯ ರೂಪಗಳನ್ನು ಕತ್ತರಿಸಿ 110 ಅಮೈನೊ ಆಮ್ಲಗಳ ತುಣುಕನ್ನು ಬಿಡುಗಡೆ ಮಾಡುವುದುಂಟು.

ಉತ್ತರ 2:
ಅಗತ್ಯದ ಬಗ್ಗೆ ಹೇಳುವುದಾದರೆ, 6 ಮತ್ತು 7ನೇ ಎಕ್ಸಾನ್‌ಗಳಿಂದ ಬರುವ ಭಾಗಗಳು ಜೀವಕೋಶದ ಸುತ್ತಲಿನ ಹೆಪರಾನ್ ಸಲ್ಫೇಟ್ ಎಂಬ ಸಕ್ಕರೆ ಸರಪಳಿಗಳಿಗೆ ಅಂಟಿಕೊಳ್ಳುತ್ತವೆ. ಹೀಗಾಗಿ 189 ಹುಟ್ಟಿದ ಜಾಗದಲ್ಲೇ ಉಳಿಯುತ್ತದೆ, 121 ಸಲೀಸಾಗಿ ದೂರ ಹರಡುತ್ತದೆ, 165 ಎರಡರ ನಡುವಿನದು. ಇದರಿಂದ ವಿಇಜಿಎಫ್ ಪ್ರಮಾಣ ಹುಟ್ಟಿದ ಜಾಗದಲ್ಲಿ ಹೆಚ್ಚು, ದೂರದಲ್ಲಿ ಕಡಿಮೆ ಇರುತ್ತದೆ; ಚಿಗುರುವ ರಕ್ತನಾಳಕ್ಕೆ ದಿಕ್ಕು ಸಿಗುವುದು ಈ ಏರಿಳಿತದಿಂದ. ಇಲಿಗಳಲ್ಲಿ ಗಿಡ್ಡ ರೂಪವೊಂದನ್ನೇ ಉಳಿಸಿದಾಗ ಹಲವು ಮರಿಗಳು ಹುಟ್ಟಿದ ಕೂಡಲೇ ಸತ್ತವು. ಉಳಿದವು ಹೃದಯಕ್ಕೆ ಸಾಕಷ್ಟು ರಕ್ತ ಹರಿಯದೆ ಎರಡು ವಾರದೊಳಗೆ ಸತ್ತವು. ಪಠ್ಯಗಳು ಇದನ್ನು ಒಂದು ಕೋಷ್ಟಕದಲ್ಲಿ ಮುಗಿಸಿಬಿಡುವುದು ನನಗೆ ಸರಿ ಕಾಣುವುದಿಲ್ಲ. ಅಮೆರಿಕದಲ್ಲಿ 2004ರಲ್ಲಿ ಅನುಮತಿ ಪಡೆದ ಪೆಗಾಪ್ಟನಿಬ್ ಎಂಬ ಕಣ್ಣಿನ ಔಷಧಿಯೂ 165ಕ್ಕೆ ಅಂಟಿಕೊಳ್ಳುತ್ತದೆಯೇ ಹೊರತು 121ಕ್ಕೆ ಅಲ್ಲ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ಆಮ್ಲಜನಕ ಕಡಿಮೆಯಾದಾಗ ವಿಇಜಿಎಫ್ ಪ್ರಮಾಣ ಏರುವುದಕ್ಕೂ ಸ್ಪ್ಲೈಸಿಂಗ್ ಕಾರಣವೇ?

ಉತ್ತರ 3:
ಅದಕ್ಕೆ ಮುಖ್ಯ ಕಾರಣಗಳು ಬೇರೆ. ಎಚ್‌ಐಎಫ್-1 ಎಂಬ ಪ್ರೋಟೀನ್ ಜೀನ್‌ನ ನಕಲು ಕಾರ್ಯವನ್ನು ಚುರುಕುಗೊಳಿಸುತ್ತದೆ. ಅಷ್ಟೇ ಮುಖ್ಯವಾದದ್ದು ಎಂಆರ್‌ಎನ್‌ಎಯ ಆಯುಷ್ಯ: ಅದರ ಕೊನೆಯ, ಅನುವಾದವಾಗದ ಭಾಗದಲ್ಲಿ ಆರ್‌ಎನ್‌ಎಯ ನಾಲ್ಕು ಅಕ್ಷರಗಳಲ್ಲಿ (ಘಟಕಗಳಲ್ಲಿ) ಎ ಮತ್ತು ಯು ದಟ್ಟವಾಗಿರುವ ಜಾಗಗಳಿದ್ದು, ಸಾಮಾನ್ಯ ಸ್ಥಿತಿಯಲ್ಲಿ ಅವು ಎಂಆರ್‌ಎನ್‌ಎಯನ್ನು ಬೇಗ ನಾಶಕ್ಕೆ ಒಡ್ಡುತ್ತವೆ. ಆಮ್ಲಜನಕ ಇಳಿದಾಗ ಹ್ಯೂಆರ್ ಎಂಬ ಪ್ರೋಟೀನ್ ಅಲ್ಲಿ ಕೂತು ಅದನ್ನು ಉಳಿಸುತ್ತದೆ.