ಅಪ್‌ಡೇಟ್: ಒಸಡಿನ ಆಪರೇಷನ್ ಗಾಯ ಮಾಯಲು ಏನು ಮಾಡಬೇಕು

ಫ್ಲಾಪ್ ಸರ್ಜರಿ (ಒಸಡು ಬಿಡಿಸಿ, ಒಳಗೆ ಕ್ಲೀನ್ ಮಾಡಿ ಮತ್ತೆ ಹೊಲಿಯೋ ಆಪರೇಷನ್) ಆದಮೇಲೆ ಒಸಡು ಬೇಗ ಮಾಯೋದು ಹೇಗೆ ಅಂತ ಕೇಳಿದ್ದೆ. ಈಗ ಹೊಲಿಗೆ ಬಿಚ್ಚಿದ್ದಾರೆ, ಗಾಯ ಕೂಡಿದೆ.

ಮೊದಲ 24 ಗಂಟೆ ಮುಕ್ಕಳಿಸಬಾರದು, ಜೋರಾಗಿ ಉಗುಳಬಾರದು; ಹೆಪ್ಪು ಕಿತ್ತು ಬಂದರೆ ಮತ್ತೆ ರಕ್ತ ಒಸರುತ್ತೆ. ಒಸರಿದರೆ ಒದ್ದೆ ಗಾಜ್ ಬಟ್ಟೆ ಮಡಚಿ 20 ನಿಮಿಷ ಒತ್ತಿ ಹಿಡಿಯಿರಿ, ನಡುವೆ ತೆಗೆದು ನೋಡಬೇಡಿ.

ಮರುದಿನದಿಂದ 0.2% ಕ್ಲೋರ್‌ಹೆಕ್ಸಿಡಿನ್ (ಬಾಯಿಯ ಕ್ರಿಮಿ ಕೊಲ್ಲೋ ಔಷಧಿ) 10 ಎಂಎಲ್, ದಿನಕ್ಕೆರಡು ಸಲ, ಒಂದು ನಿಮಿಷ ಮುಕ್ಕಳಿಸಬೇಕು. ಉಳಿದ ಹಲ್ಲನ್ನ ಪೇಸ್ಟ್ ಹಚ್ಚಿ ಉಜ್ಜಿದ ಮೇಲೆ ಅರ್ಧ ಗಂಟೆ ಬಿಟ್ಟು ಇದನ್ನ ಮುಕ್ಕಳಿಸಬೇಕು, ಇಲ್ಲದಿದ್ದರೆ ಪೇಸ್ಟಿನ ನೊರೆ ಔಷಧಿಯ ಶಕ್ತಿ ಕುಗ್ಗಿಸುತ್ತೆ. ಚಹಾ ಜಾಸ್ತಿ ಕುಡಿಯೋರಿಗೆ ಈ ಔಷಧಿಯಿಂದ ಹಲ್ಲು ಕಂದಾಗುತ್ತೆ. ಕ್ಲೀನಿಂಗ್‌ನಲ್ಲಿ ಹೋಗುತ್ತೆ, ಬಿಡಿ.

ನಮ್ಮ ರಾಯಚೂರು ಕಡೆ ಊಟದ್ದೇ ದೊಡ್ಡ ಫಜೀತಿ. ಖಡಕ್ ರೊಟ್ಟಿಯ ಅಂಚು ಹೊಲಿಗೆಗೆ ತಾಗುತ್ತೆ, ಶೇಂಗಾ ಹಿಂಡಿಯ (ಚಟ್ನಿಪುಡಿ) ಚೂರು ದಾರದಡಿ ಕೂತು ಬಾವು ಬರಿಸುತ್ತೆ. ಹೊಲಿಗೆ ಬಿಚ್ಚೋವರೆಗೆ ಆರಿದ ಜೋಳದ ಅಂಬಲಿ, ಮೊಸರನ್ನ, ಖಾರವಿಲ್ಲದ ಬೇಳೆ ಸಾಕು.

ಗಾಯದ ಮೇಲಿನ ತೆಳು ಬಿಳಿ ಪೊರೆ ಸಾಮಾನ್ಯವಾಗಿ ಕೀವಲ್ಲ, ಫೈಬ್ರಿನ್, ಅಂದ್ರೆ ರಕ್ತ ಹೆಪ್ಪುಗಟ್ಟುವಾಗ ಆಗೋ ಪ್ರೋಟೀನ್ ಪೊರೆ. ಉಜ್ಜಿ ತೆಗೆದರೆ ಮಾಯೋದು ತಡವಾಗುತ್ತೆ. ಗುಟ್ಕಾ, ಬೀಡಿ ಪೂರ್ತಿ ಬಂದ್: ನಿಕೋಟಿನ್ ಒಸಡಿನ ರಕ್ತನಾಳ ಕುಗ್ಗಿಸುತ್ತೆ. ಶುಗರ್ ಇದ್ದವರು ಅದನ್ನ ಹತೋಟಿಯಲ್ಲಿ ಇಡದೆ ಬರೀ ಮುಕ್ಕಳಿಸಿದರೆ ಪ್ರಯೋಜನ ಕಮ್ಮಿ. ಮೂರನೇ ದಿನ ದಾಟಿದ ಮೇಲೂ ಬಾವು, ನೋವು ಏರುತ್ತಿದ್ದರೆ ಅಥವಾ ಜ್ವರ ಬಂದರೆ ಅಂದೇ ಡಾಕ್ಟರಿಗೆ ತೋರಿಸಿ.